ಮಿದುಳಿನ ರಕ್ತಕ್ಕೆ ಹೊರದಾರಿ ಮುಚ್ಚಿದಾಗ

(ಆಶಾ ಕಾರ್ಯಕರ್ತೆಯರು, ಶುಶ್ರೂಷಕಿಯರು, ತೋಟದ ಆಸ್ಪತ್ರೆಗಳ ಸಿಬ್ಬಂದಿ ಮತ್ತು ಆಸಕ್ತರಿಗಾಗಿ ಮಡಿಕೇರಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಲಕ್ವ ಎಂದ ಕೂಡಲೇ ನೆನಪಾಗುವುದು ಅರವತ್ತು ದಾಟಿದ, ಬಿಪಿ, ಶುಗರ್ ಎರಡೂ ಇರುವ, ಬೆಳಿಗ್ಗೆ ಎದ್ದಾಗ ಬಾಯಿ ವಾರೆಯಾಗಿ ಒಂದು ಕೈ ಎತ್ತಲಾಗದ ಮನುಷ್ಯ. ಇವತ್ತು ಮಾತಾಡುವುದು ಆ ಲಕ್ವದ ಬಗ್ಗೆ ಅಲ್ಲ. ಇಲ್ಲಿ ರೋಗಿ ಹೆಚ್ಚಾಗಿ ಐವತ್ತರ ಒಳಗಿನವರು. ಗಂಡಸರಿಗಿಂತ ಹೆಂಗಸರು ಸುಮಾರು ಮೂರು ಪಟ್ಟು. ಮೊದಲ ದೂರು ಕೈಕಾಲಿನದ್ದಲ್ಲ, ತಲೆನೋವಿನದು. ವೈದ್ಯರು ಇದನ್ನು ಸೆರೆಬ್ರಲ್ ವೀನಸ್ ಥ್ರಾಂಬೋಸಿಸ್, ಚಿಕ್ಕದಾಗಿ ಸಿವಿಟಿ ಎನ್ನುತ್ತಾರೆ. ಮಿದುಳಿಗೆ ರಕ್ತ ತರುವ ಅಪಧಮನಿಯನ್ನು ಬಿಟ್ಟು, ಮಿದುಳಿನಿಂದ ರಕ್ತವನ್ನು ವಾಪಸು ಹೃದಯಕ್ಕೆ ಒಯ್ಯುವ ಅಭಿಧಮನಿಯಲ್ಲಿ ಹೆಪ್ಪುಗಟ್ಟುವ ಕಾಯಿಲೆ ಇದು. ಎಲ್ಲ ಪಾರ್ಶ್ವವಾಯುಗಳಲ್ಲಿ ಇದರ ಪಾಲು ಶೇ. 0.5ರಿಂದ 1ರಷ್ಟು ಮಾತ್ರ. ಆದರೆ ಬಾಣಂತಿಯರನ್ನೇ ಎಣಿಸಿದರೆ ಲೆಕ್ಕ ಬೇರೆ. ನಮ್ಮ ದೇಶದಲ್ಲಿ ಬಾಣಂತಿಗೆ ಬರುವ ಲಕ್ವದಲ್ಲಿ ಮೊದಲು ಹುಡುಕಬೇಕಾದದ್ದು ಇದನ್ನೇ.

ಗದ್ದೆ ಮಾಡಿದವರಿಗೆ ಒಂದು ಮಾತಿನಲ್ಲಿ ಹೇಳಬಹುದು. ಮೇಲಿನಿಂದ ನೀರು ಬಾರದೆ ಪೈರು ಒಣಗುವುದು ಒಂದು ಕೇಡು, ಕೆಳಬದಿಯ ಕಂಡಿ ಮುಚ್ಚಿ ನೀರು ನಿಂತು ಪೈರು ಕೊಳೆಯುವುದು ಇನ್ನೊಂದು ಕೇಡು. ಎರಡನೆಯದು ನಿಧಾನ, ಕಂಡಿ ಬೇಗ ಬಿಡಿಸಿದರೆ ಪೈರು ಮತ್ತೆ ತಲೆ ಎತ್ತುತ್ತದೆ. ಸಿವಿಟಿಯ ಲಕ್ಷಣ, ಸ್ಕ್ಯಾನ್, ಔಷಧ ಎಲ್ಲವೂ ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ರಕ್ತ ಬರುವುದು, ಹೋಗುವುದು

ಮಿದುಳಿನ ತೂಕ ಸುಮಾರು 1,400 ಗ್ರಾಂ, ದೇಹದ ತೂಕದ ಶೇ. 2. ಆದರೆ ಹೃದಯ ತಳ್ಳುವ ರಕ್ತದಲ್ಲಿ ಶೇ. 15ರಷ್ಟು ಅದಕ್ಕೇ ಬೇಕು. ಪ್ರತಿ 100 ಗ್ರಾಂ ಮಿದುಳಿಗೆ ನಿಮಿಷಕ್ಕೆ 50 ಮಿ.ಲೀ., ಒಟ್ಟು ನಿಮಿಷಕ್ಕೆ 700 ಮಿ.ಲೀ. ಈ 50 ಎಂಬುದು 20ರ ಆಸುಪಾಸಿಗೆ ಇಳಿದರೆ ನರಕೋಶ ಕೆಲಸ ನಿಲ್ಲಿಸುತ್ತದೆ, ಆದರೆ ಬದುಕಿರುತ್ತದೆ. 10ಕ್ಕಿಂತ ಕೆಳಗೆ ಹೋದರೆ ಕೆಲವೇ ನಿಮಿಷಗಳಲ್ಲಿ ಸಾಯಲು ತೊಡಗುತ್ತದೆ.

ಬಂದಷ್ಟು ರಕ್ತ ಅದೇ ನಿಮಿಷದಲ್ಲಿ ಹೊರಗೂ ಹೋಗಬೇಕು. ತಲೆಬುರುಡೆ ಹಿಗ್ಗುವ ಚೀಲವಲ್ಲ. ಅದರೊಳಗೆ ಮಿದುಳು, ಸುಮಾರು 150 ಮಿ.ಲೀ. ರಕ್ತ, ಅಷ್ಟೇ ಪ್ರಮಾಣದ ಸಿಎಸ್‌ಎಫ್ ಎಂಬ ತಿಳಿದ್ರವ ಇವೆ. ಒಂದು ಹೆಚ್ಚಾದರೆ ಇನ್ನೊಂದು ಜಾಗ ಬಿಡಬೇಕು. ಒಳಗಿರುವ ರಕ್ತದ ಬಹುಪಾಲು ಇರುವುದು ಅಭಿಧಮನಿಗಳ ಕಡೆಗೇ. ಮಿದುಳಿನ ಮೇಲ್ಮೈಯ ಸಣ್ಣ ಅಭಿಧಮನಿಗಳು ನೆತ್ತಿಯ ನಡುವೆ ಹಿಂದಕ್ಕೆ ಸಾಗುವ ಸುಪೀರಿಯರ್ ಸ್ಯಾಜಿಟಲ್ ಸೈನಸ್‌ಗೆ ರಕ್ತ ಸುರಿಯುತ್ತವೆ. ಇಲ್ಲಿ ಸೈನಸ್ ಎಂದರೆ ಅಭಿಧಮನಿಗಳ ರಕ್ತ ಬಂದು ಸೇರುವ ದೊಡ್ಡ ಕಾಲುವೆ. ಆಳದ ಭಾಗಗಳ ರಕ್ತ ಗೇಲನ್ ಅಭಿಧಮನಿಯ ಮೂಲಕ ಸ್ಟ್ರೈಟ್ ಸೈನಸ್‌ಗೆ ಬರುತ್ತದೆ. ಅಲ್ಲಿಂದ ಎರಡೂ ಬದಿಯ ಟ್ರಾನ್ಸ್‌ವರ್ಸ್ ಸೈನಸ್, ಕಿವಿಯ ಹಿಂದಿನ ಸಿಗ್ಮಾಯ್ಡ್ ಸೈನಸ್, ಕೊನೆಗೆ ಕತ್ತಿನ ಜುಗ್ಯುಲರ್ ಅಭಿಧಮನಿ. ಮೂಗಿನ ಪಕ್ಕದ ಸೈನಸ್‌ಗೂ ಇದಕ್ಕೂ ಸಂಬಂಧವಿಲ್ಲ. ‘ಸೈನಸ್‌ನಲ್ಲಿ ಹೆಪ್ಪು’ ಎಂದಾಗ ಮನೆಯವರು ನೆಗಡಿ ಎಂದುಕೊಂಡು ಸುಮ್ಮನಾದರೆ ಕೆಟ್ಟಿತು. ಇದನ್ನು ಬಿಡಿಸಿ ಹೇಳಿ.

ಈ ಅಭಿಧಮನಿಗಳ ಗೋಡೆ ತೆಳು, ಸ್ನಾಯು ಇಲ್ಲದ್ದು. ಕಾಲಿನ ಅಭಿಧಮನಿಗಳಲ್ಲಿರುವಂಥ ಕವಾಟಗಳೂ ಇಲ್ಲ. ಇದು ವರವೂ ಹೌದು, ಶಾಪವೂ ಹೌದು. ಕವಾಟವಿಲ್ಲದ್ದರಿಂದ ಒಂದು ದಾರಿ ಮುಚ್ಚಿದರೆ ರಕ್ತ ಹಿಮ್ಮುಖವಾಗಿ ಹರಿದು ಬೇರೆ ದಾರಿ ಹಿಡಿಯಬಲ್ಲದು. ಅದೇ ಕಾರಣಕ್ಕೆ ಮುಂದಿನ ಒತ್ತಡ ಹಿಂದಿನ ಲೋಮನಾಳದವರೆಗೆ (ಕೂದಲೆಳೆಯಂಥ ಅತಿ ಸಣ್ಣ ರಕ್ತನಾಳ) ತಡೆಯಿಲ್ಲದೆ ತಲುಪುತ್ತದೆ.

ಒತ್ತಡದ ಲೆಕ್ಕ

ಮಿದುಳಿಗೆ ರಕ್ತ ನುಗ್ಗಿಸುವ ಬಲ ಎಂದರೆ ಅಪಧಮನಿಯ ಸರಾಸರಿ ಒತ್ತಡದಲ್ಲಿ ತಲೆಯೊಳಗಿನ ಒತ್ತಡವನ್ನು ಕಳೆದು ಉಳಿದದ್ದು. ಬಿಪಿ 120/80 ಇದ್ದರೆ ಸರಾಸರಿ ಸುಮಾರು 93 ಮಿ.ಮೀ. ಪಾದರಸ. ತಲೆಯೊಳಗಿನ ಒತ್ತಡ 10 ಎಂದಿಟ್ಟುಕೊಳ್ಳಿ, ಉಳಿಯುವುದು 83. ಈ ಬಲ ಸುಮಾರು 60ಕ್ಕಿಂತ ಮೇಲಿರುವವರೆಗೆ ಮಿದುಳು ತನ್ನ ಸಣ್ಣ ಅಪಧಮನಿಗಳನ್ನು ಹಿಗ್ಗಿಸಿ ಕುಗ್ಗಿಸಿ ಹರಿವನ್ನು ಒಂದೇ ಮಟ್ಟದಲ್ಲಿ ಇಟ್ಟುಕೊಳ್ಳುತ್ತದೆ. ಸೈನಸ್ ಮುಚ್ಚಿ ತಲೆಯೊಳಗಿನ ಒತ್ತಡ 35ಕ್ಕೆ ಏರಿತು ಎಂದುಕೊಳ್ಳಿ: 93ರಲ್ಲಿ 35 ಹೋದರೆ 58. ಅಂಚಿಗೆ ಬಂದಾಯಿತು. ಈ ಹೊತ್ತಿಗೆ ಯಾರಾದರೂ ಬಿಪಿ ಇಳಿಸುವ ಚುಚ್ಚುಮದ್ದು ಕೊಟ್ಟು ಅದನ್ನು 90/60ಕ್ಕೆ ತಂದರೆ ಸರಾಸರಿ 70, ಉಳಿಯುವುದು 35. ಅಪಧಮನಿಯಲ್ಲಿ ಒಂದು ಹನಿ ಹೆಪ್ಪಿಲ್ಲದಿದ್ದರೂ ಇಡೀ ಮಿದುಳು ರಕ್ತಕ್ಕೆ ಪರದಾಡುತ್ತದೆ. ಹಾಗೆಂದು ಬಾಣಂತಿಯ ಬಿಪಿ 160/110 ಇದ್ದರೆ ಬಿಟ್ಟುಬಿಡಿ ಎಂದಲ್ಲ. ಅದು ಗರ್ಭಿಣಿ–ಬಾಣಂತಿಯರ ನಂಜಿನ ಲೆಕ್ಕ, ಅದಕ್ಕೆ ಅದರದೇ ಚಿಕಿತ್ಸೆ ತಕ್ಷಣ ಬೇಕು. ಇಳಿಸಬೇಕು, ಪಾತಾಳಕ್ಕೆ ಇಳಿಸಬಾರದು.

ಇಲ್ಲೊಂದು ತೊಡಕಿದೆ, ಪಠ್ಯಗಳಲ್ಲಿ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ, ಆದರೆ ಕಾಯಿಲೆಯ ಗುಟ್ಟೇ ಇದು. ಅಪಧಮನಿಯ ಲಕ್ವದಲ್ಲಿ ನಾಳ ಹಿಗ್ಗಿದರೆ ಲಾಭ, ಪಕ್ಕದ ದಾರಿಯಿಂದ ರಕ್ತ ಬರುತ್ತದೆ. ಸಿವಿಟಿಯಲ್ಲಿ ಹರಿವು ಕುಗ್ಗುತ್ತಿದೆ ಎಂದು ಮಿದುಳು ಸಣ್ಣ ಅಪಧಮನಿಗಳನ್ನು ಹಿಗ್ಗಿಸಿದರೆ, ಅಪಧಮನಿಯ ಒತ್ತಡ ಇನ್ನಷ್ಟು ನೇರವಾಗಿ ಲೋಮನಾಳಕ್ಕೆ ಬಂದು ಬೀಳುತ್ತದೆ. ಮುಂದೆ ದಾರಿ ಇಲ್ಲ, ಹಿಂದಿನಿಂದ ನೂಕು. ನೀರು ನಾಳದ ಗೋಡೆ ದಾಟಿ ಮಿದುಳಿಗೆ ಸೋರುತ್ತದೆ. ಇದು ಮೊದಲ ಹಂತದ ಊತ; ಕೋಶಗಳು ಇನ್ನೂ ಸತ್ತಿರುವುದಿಲ್ಲ. ಒತ್ತಡ ಮುಂದುವರಿದರೆ ಕೆಂಪು ರಕ್ತಕಣಗಳೂ ಸೋರುತ್ತವೆ, ಸಣ್ಣ ಅಭಿಧಮನಿಗಳು ಒಡೆದು ರಕ್ತಸ್ರಾವವಾಗುತ್ತದೆ. ಊದಿದ ಮಿದುಳು ಲೋಮನಾಳಗಳನ್ನು ಹೊರಗಿನಿಂದ ಅದುಮಿದಾಗ ಹರಿವು ನಿಜವಾಗಿ ಬೀಳುತ್ತದೆ. ಆಗ ಕೋಶದೊಳಕ್ಕೇ ನೀರು ನುಗ್ಗಿ ಊದುವ ಎರಡನೆಯ ಹಂತ. ಅದರಲ್ಲಿ ಹಿಂದಿರುಗುವ ದಾರಿ ಕಿರಿದು.

ಮಿದುಳಿನ ರಕ್ತದ ಹರಿವನ್ನು ಅಳೆಯುವ ಪರ್‌ಫ್ಯೂಶನ್ ಸ್ಕ್ಯಾನ್ ಮಾಡಿದರೆ ಇದೇ ಅಂಕಿಗಳಲ್ಲಿ ಕಾಣುತ್ತದೆ. ಸಾಮಾನ್ಯ ಮಿದುಳಿನಲ್ಲಿ 100 ಗ್ರಾಂಗೆ 4 ಮಿ.ಲೀ. ರಕ್ತ ತುಂಬಿಕೊಂಡಿದ್ದು, ನಿಮಿಷಕ್ಕೆ 50 ಮಿ.ಲೀ. ಹರಿಯುತ್ತಿದ್ದರೆ, ರಕ್ತ ಆ ಜಾಗವನ್ನು ದಾಟಲು ತೆಗೆದುಕೊಳ್ಳುವ ಸಮಯ 4ನ್ನು 50ರಿಂದ ಭಾಗಿಸಿದಷ್ಟು ನಿಮಿಷ, ಅಂದರೆ 4.8 ಸೆಕೆಂಡು. ಹೊರದಾರಿ ಕಟ್ಟಿ ತುಂಬಿದ ರಕ್ತ 6 ಆಗಿ, ಹರಿವು 40ಕ್ಕೆ ಇಳಿದರೆ ಅದೇ ಸಮಯ 9 ಸೆಕೆಂಡು. ಹರಿವಿನಲ್ಲಿ ಐದನೇ ಒಂದು ಭಾಗ ಮಾತ್ರ ಹೋಗಿದೆ, ಆದರೆ ರಕ್ತ ನಿಂತಿರುವ ಹೊತ್ತು ಹೆಚ್ಚುಕಡಿಮೆ ಎರಡು ಪಟ್ಟು. ಅಪಧಮನಿ ಮುಚ್ಚಿ ಸಾಯುತ್ತಿರುವ ಮಿದುಳಿನಲ್ಲಿ ತುಂಬಿದ ರಕ್ತ ಕಡಿಮೆಯಾಗುತ್ತದೆ; ಇಲ್ಲಿ ಹೆಚ್ಚುತ್ತದೆ. ಸ್ಕ್ಯಾನ್ ಓದುವವರಿಗೆ ಎರಡನ್ನೂ ಬೇರೆ ಮಾಡಲು ಇದು ಒಳ್ಳೆಯ ಗುರುತು.

ಸಿಎಸ್‌ಎಫ್‌ನ ಕಥೆಯೂ ಇಲ್ಲೇ ಸೇರುತ್ತದೆ. ದಿನಕ್ಕೆ ಸುಮಾರು 500 ಮಿ.ಲೀ. ಹೊಸದಾಗಿ ಹುಟ್ಟುವ ಈ ದ್ರವದ ಹೆಚ್ಚಿನ ಭಾಗ ನೆತ್ತಿಯ ಸೈನಸ್ ಮೂಲಕ ರಕ್ತಕ್ಕೆ ಸೇರಬೇಕು. ಹಾಗೆ ಸೇರಲು ದ್ರವದ ಒತ್ತಡ ಸೈನಸ್‌ನ ಒತ್ತಡಕ್ಕಿಂತ ತುಸು ಹೆಚ್ಚಿರಬೇಕು. ಸೈನಸ್‌ನ ಒತ್ತಡ ಏರಿದರೆ ದ್ರವ ಅಲ್ಲೇ ಉಳಿದು ಅದರ ಒತ್ತಡವೂ ಏರುತ್ತದೆ. ಹಾಗಿದ್ದೂ ಮಿದುಳಿನ ಒಳಗಿನ ಕುಳಿಗಳು ಸಾಮಾನ್ಯವಾಗಿ ಹಿಗ್ಗುವುದಿಲ್ಲ, ಏಕೆಂದರೆ ಒತ್ತಡ ಒಳಗೂ ಹೊರಗೂ ಒಂದೇ ಸಮ. ‘ಸ್ಕ್ಯಾನ್‌ನಲ್ಲಿ ನೀರು ತುಂಬಿಲ್ಲ, ಆದ್ದರಿಂದ ಒತ್ತಡ ಇಲ್ಲ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಣ್ಣಿನ ಹಿಂಭಾಗ ನೋಡಿದರೆ ದೃಷ್ಟಿನರದ ಬುಡ ಊದಿರುತ್ತದೆ. ಅದು ಸುಳ್ಳು ಹೇಳುವುದಿಲ್ಲ.

ಒಬ್ಬರಿಗೆ ತಲೆನೋವು, ಇನ್ನೊಬ್ಬರಿಗೆ ಕೋಮಾ

ದೊಡ್ಡ ಸೈನಸ್ ಒಂದೇ ಮುಚ್ಚಿ, ಅದಕ್ಕೆ ಬಂದು ಸೇರುವ ಸಣ್ಣ ಅಭಿಧಮನಿಗಳು ತೆರೆದಿದ್ದರೆ ರಕ್ತ ಬಳಸುದಾರಿ ಹಿಡಿಯುತ್ತದೆ. ಆಗ ತಲೆನೋವು, ವಾಂತಿ, ಮಬ್ಬು ಕಣ್ಣು, ಒಂದು ವಸ್ತು ಎರಡಾಗಿ ಕಾಣುವುದು ಇಷ್ಟೇ ಇರಬಹುದು, ಅದೂ ವಾರಗಟ್ಟಲೆ. ಹೆಪ್ಪು ಸಣ್ಣ ಅಭಿಧಮನಿಗಳಿಗೂ ಹಬ್ಬಿದಾಗ ಆ ಭಾಗದ ಮಿದುಳು ಊದಿ ರಕ್ತಸ್ರಾವವಾಗಿ ಫಿಟ್ಸ್, ಕೈಕಾಲು ಸೋಲುವಿಕೆ ಶುರುವಾಗುತ್ತವೆ. ನೆತ್ತಿಯ ಸೈನಸ್ ನಡುವೆ ಇರುವುದರಿಂದ ಎರಡೂ ಕಾಲು ಒಟ್ಟಿಗೆ ಸೋಲಬಹುದು, ಅಥವಾ ಇವತ್ತು ಬಲಗಡೆ, ನಾಳೆ ಎಡಗಡೆ. ಅಪಧಮನಿಯ ಲಕ್ವ ಹೀಗೆ ಬದಿ ಬದಲಿಸುವುದು ಅಪರೂಪ. ಎಡಬದಿಯ ಟ್ರಾನ್ಸ್‌ವರ್ಸ್ ಸೈನಸ್ ಮತ್ತು ಅದಕ್ಕೆ ಸೇರುವ ಲಾಬೆ ಅಭಿಧಮನಿ ಮುಚ್ಚಿದರೆ ಮಾತು ತೊದಲುವುದಿಲ್ಲ, ಮಾತೇ ತಪ್ಪುತ್ತದೆ: ಕೇಳಿದ್ದು ಒಂದು, ಹೇಳಿದ್ದು ಇನ್ನೊಂದು. ಮನೆಯವರು ಇದನ್ನು ಬಾಣಂತಿ ಸನ್ನಿ ಎಂದೋ, ಗಾಳಿ ಸೋಂಕು ಎಂದೋ ತಿಳಿಯುವುದುಂಟು. ಆಳದ ಅಭಿಧಮನಿಗಳು ಮುಚ್ಚುವುದು ಎಲ್ಲಕ್ಕಿಂತ ಅಪಾಯ. ಅಲ್ಲಿ ಬಳಸುದಾರಿಗಳು ಕಡಿಮೆ. ಎರಡೂ ಬದಿಯ ಥಾಲಮಸ್ (ಎಚ್ಚರಕ್ಕೆ ಬೇಕಾದ ಮಿದುಳಿನ ಆಳದ ಭಾಗ) ಊದಿ ರೋಗಿ ತೂಕಡಿಸುತ್ತ ತೂಕಡಿಸುತ್ತ ಎಚ್ಚರ ತಪ್ಪುತ್ತಾರೆ. ಕೈಕಾಲು ಆಡುತ್ತಲೇ ಇರುತ್ತವೆ, ಹಾಗಾಗಿ ಲಕ್ವ ಎಂದು ಯಾರಿಗೂ ಹೊಳೆಯುವುದಿಲ್ಲ.

21 ದೇಶಗಳ 624 ರೋಗಿಗಳ ಅಧ್ಯಯನವೊಂದು 2004ರಲ್ಲಿ ಪ್ರಕಟವಾಯಿತು. ಹತ್ತರಲ್ಲಿ ಒಂಬತ್ತು ಜನರಿಗೆ ತಲೆನೋವಿತ್ತು, ಹತ್ತರಲ್ಲಿ ನಾಲ್ವರಿಗೆ ಫಿಟ್ಸ್. ಶೇ. 79 ಮಂದಿ ಪೂರ್ತಿ ಅಥವಾ ಹೆಚ್ಚುಕಡಿಮೆ ಪೂರ್ತಿ ಚೇತರಿಸಿಕೊಂಡರು, ತೀರಿಕೊಂಡವರು ಶೇ. 8ರಷ್ಟು. ಮಿದುಳಿನಲ್ಲಿ ಇಷ್ಟು ದೊಡ್ಡ ಅನಾಹುತವಾಗಿಯೂ ಇಷ್ಟು ಜನ ಎದ್ದು ನಡೆದದ್ದು ಏಕೆಂದರೆ, ಊದಿದ ಮಿದುಳೆಲ್ಲ ಸತ್ತ ಮಿದುಳಲ್ಲ.

ಬಾಣಂತಿ ಮನೆ

ಹೆರಿಗೆಯ ರಕ್ತಸ್ರಾವ ನಿಲ್ಲಿಸಲೆಂದು ದೇಹವೇ ಗರ್ಭದ ಕೊನೆಯ ತಿಂಗಳುಗಳಲ್ಲಿ ರಕ್ತವನ್ನು ಬೇಗ ಹೆಪ್ಪುಗಟ್ಟುವ ಸ್ಥಿತಿಗೆ ತರುತ್ತದೆ. ಹೆಪ್ಪುಗಟ್ಟಿಸುವ ಫೈಬ್ರಿನೋಜೆನ್, ಎಂಟನೇ ಅಂಶ (ಫ್ಯಾಕ್ಟರ್ 8) ಏರುತ್ತವೆ. ಹೆಪ್ಪನ್ನು ತಡೆಯುವ ಪ್ರೋಟೀನ್ ಎಸ್ ಇಳಿಯುತ್ತದೆ. ಇದು ಹೆರಿಗೆಯಾದ ದಿನವೇ ಮೊದಲಿನಂತಾಗುವುದಿಲ್ಲ, ಸುಮಾರು ಆರು ವಾರ ಬೇಕು. ಅದರಲ್ಲೂ ಮೊದಲ ಮೂರ್ನಾಲ್ಕು ವಾರ ಹೆಚ್ಚಿನ ಎಚ್ಚರದ ಕಾಲ. ಇದರ ಮೇಲೆ ರಕ್ತಹೀನತೆ, ಸಿಸೇರಿಯನ್, ಗರ್ಭಕೋಶದ ಸೋಂಕು, ಬಿ12 ಕೊರತೆಯಿಂದ ರಕ್ತದಲ್ಲಿ ಏರಿದ, ಹೆಪ್ಪಿಗೆ ದಾರಿಮಾಡುವ ಹೋಮೋಸಿಸ್ಟೀನ್ ಸೇರಿಕೊಳ್ಳಬಹುದು.

ಅದಕ್ಕೂ ಮೇಲೆ ನಾವು ಸೇರಿಸುವುದು ನೀರಿನ ಕಟ್ಟುಪಾಡು. ಮಳೆಗಾಲದ ಕೊಡಗಿನಲ್ಲಿ ಬಾಣಂತಿಗೆ ಬೆಚ್ಚಗಿನ ಕೋಣೆ, ಎಣ್ಣೆ, ಬಿಸಿನೀರಿನ ಸ್ನಾನ ಎಲ್ಲ ಒಳ್ಳೆಯದೇ. ಅದನ್ನು ಬಿಡಿಸಲು ಹೋಗಿ ಅಜ್ಜಿಯೊಡನೆ ಜಗಳ ಕಾಯುವುದು ದಂಡ. ಜಗಳ ಆಡಲೇಬೇಕಾದದ್ದು ಒಂದೇ ವಿಷಯಕ್ಕೆ: ‘ನೀರು ಕುಡಿದರೆ ಹೊಟ್ಟೆ ಬರುತ್ತದೆ, ಶೀತವಾಗುತ್ತದೆ’ ಎಂದು ದಿನಕ್ಕೆ ಎರಡು ಲೋಟಕ್ಕೆ ನಿಲ್ಲಿಸುವುದು. ಹೆರಿಗೆಯಲ್ಲಿ ರಕ್ತ ಹೋಗಿದೆ, ಹಾಲು ಹೋಗುತ್ತಿದೆ, ಬೆಂಕಿಯ ಕಾವಿಗೆ ಬೆವರು ಹೋಗುತ್ತಿದೆ. ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ದ್ರವ ಹೊಟ್ಟೆಗೆ ಬೀಳಬೇಕು. ಗಂಜಿ, ಸಾರು, ಹಾಲು, ಜೀರಿಗೆ ಕುದಿಸಿದ ಬಿಸಿನೀರು ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಬಿಸಿನೀರು ಎಂದರೆ ಅಜ್ಜಿಯೂ ಒಪ್ಪುತ್ತಾರೆ. ಮೂತ್ರ ತಿಳಿಹಳದಿ ಇದ್ದರೆ ಸಾಕಾಗಿದೆ, ಗಾಢವಾಗಿದ್ದರೆ ಸಾಲದು.

ಬಾಣಂತಿಯಲ್ಲದ ಹೆಂಗಸರಲ್ಲಿ ಕೇಳಬೇಕಾದ ಪ್ರಶ್ನೆ ಮಾತ್ರೆಯದು. ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆ ಎಲ್ಲರಿಗೂ ಗೊತ್ತು. ಹುತ್ತರಿಗೋ ಮದುವೆಗೋ ತಲಕಾವೇರಿ ಯಾತ್ರೆಗೋ ಮುಟ್ಟು ಮುಂದೂಡಲು ಅಂಗಡಿಯಿಂದ ತಂದು ನುಂಗುವ ಮಾತ್ರೆಯನ್ನು ಯಾರೂ ಔಷಧ ಎಂದೇ ಎಣಿಸುವುದಿಲ್ಲ, ಕೇಳಿದರೂ ಹೇಳುವುದಿಲ್ಲ. ಅದರಲ್ಲಿರುವ ನೋರೆಥಿಸ್ಟೆರಾನ್‌ನ ಒಂದು ಅಂಶ ದೇಹದೊಳಗೆ ಈಸ್ಟ್ರೊಜೆನ್ ಆಗಿ ಬದಲಾಗುತ್ತದೆ. ‘ಮುಟ್ಟು ಮುಂದೆ ಹಾಕಲು ಏನಾದರೂ ತಗೊಂಡಿದ್ದೀರಾ ಅಕ್ಕಾ’ ಎಂದು ನೇರವಾಗಿ ಕೇಳಿ. ಗಂಡಸರಲ್ಲಿ ವಿಪರೀತ ಕುಡಿತ ಮತ್ತು ಅದರಿಂದಾಗುವ ನಿರ್ಜಲೀಕರಣ, ಕೀವು ಸೋರುವ ಕಿವಿ, ಹಿಮೋಗ್ಲೋಬಿನ್ ಅತಿಯಾಗಿರುವುದು ಇವನ್ನು ಹುಡುಕಿ.

ಸಿಸೇರಿಯನ್ ಆದವರಲ್ಲಿ ಒಂದು ಗೊಂದಲ ಮತ್ತೆ ಮತ್ತೆ ಎದುರಾಗುತ್ತದೆ. ಬೆನ್ನಿಗೆ ಚುಚ್ಚಿದ ಅರಿವಳಿಕೆಯ ನಂತರವೂ ತಲೆನೋವು ಬರುತ್ತದೆ. ಅದು ಎದ್ದು ಕೂತರೆ ಹೆಚ್ಚು, ಮಲಗಿದರೆ ಕಡಿಮೆ. ಸಿವಿಟಿಯದು ಸಾಮಾನ್ಯವಾಗಿ ತದ್ವಿರುದ್ಧ: ಮಲಗಿದರೆ, ಕೆಮ್ಮಿದರೆ, ತಿಣುಕಿದರೆ ಹೆಚ್ಚು, ಬೆಳಗಿನ ಜಾವ ಎಬ್ಬಿಸುವಂಥದ್ದು. ಮೊದಲು ಕೂತಾಗ ಮಾತ್ರ ಇದ್ದ ನೋವು ಮೂರನೇ ದಿನಕ್ಕೆ ಮಲಗಿದಾಗಲೂ ಬಿಡದಿದ್ದರೆ, ‘ಇಂಜೆಕ್ಷನ್‌ದು, ಹೋಗುತ್ತದೆ’ ಎಂದು ಕಾಯಬಾರದು.

ಸ್ಕ್ಯಾನ್ ಎಲ್ಲಿ ತಪ್ಪುತ್ತದೆ

ಡೈ ಇಲ್ಲದ ಸಾದಾ ಸಿಟಿ ಸ್ಕ್ಯಾನ್ ಸರಿಯಾಗಿದೆ ಎಂದ ಮಾತ್ರಕ್ಕೆ ಸಿವಿಟಿ ಇಲ್ಲ ಎಂದಾಗುವುದಿಲ್ಲ. ಹೊಸ ಹೆಪ್ಪು ಬಿಳಿಯಾಗಿ ಕಾಣಬಹುದು, ಕಾಣದೆಯೂ ಇರಬಹುದು. ರಕ್ತ ಗಟ್ಟಿಯಾಗಿದ್ದರೆ ಹೆಪ್ಪಿಲ್ಲದ ಸೈನಸ್ ಕೂಡ ಬಿಳಿಯಾಗಿ ಕಾಣುತ್ತದೆ. ಬೇಕಾದದ್ದು ವೀನೋಗ್ರಾಂ, ಅಂದರೆ ಅಭಿಧಮನಿಗಳನ್ನೇ ತೋರಿಸುವ ಸ್ಕ್ಯಾನ್. ಇದಕ್ಕೆ ಎಂಆರ್‌ಐಯೇ ಬೇಕೆಂದಿಲ್ಲ. ಕೈಯ ಅಭಿಧಮನಿಗೆ ಡೈ ಕೊಟ್ಟು ಸುಮಾರು 45 ಸೆಕೆಂಡಿನ ನಂತರ ತೆಗೆದ ಸಿಟಿ ವೀನೋಗ್ರಾಂ ದೊಡ್ಡ ಸೈನಸ್‌ಗಳಿಗೆ ಧಾರಾಳ ಸಾಕು. ಡೈ ಕೊಟ್ಟ ಮೇಲೂ ಮಗುವಿಗೆ ಹಾಲೂಡಿಸಬಹುದು. ಒಂದು ದಿನ ಹಾಲು ಹಿಂಡಿ ಚೆಲ್ಲಿಸುವ ಅಗತ್ಯವಿಲ್ಲ. ಸಣ್ಣ ಅಭಿಧಮನಿಯ ಹೆಪ್ಪು ಮಾತ್ರ ಇದ್ದರೆ ಎಂಆರ್‌ಐ ಬೇಕು, ಅದರಲ್ಲೂ ರಕ್ತವನ್ನು ಕಪ್ಪಾಗಿ ತೋರಿಸುವ ಎಸ್‌ಡಬ್ಲ್ಯುಐ.

ಎಂಆರ್ ವೀನೋಗ್ರಾಂನಲ್ಲಿ ಎಡ ಟ್ರಾನ್ಸ್‌ವರ್ಸ್ ಸೈನಸ್ ಕಾಣಲಿಲ್ಲ ಎಂದು ಬರೆದಿದ್ದರೆ ತಕ್ಷಣ ಗಾಬರಿ ಬೇಡ. ಬಹಳ ಜನರಲ್ಲಿ ಅದು ಹುಟ್ಟಿನಿಂದಲೇ ಸಣ್ಣದು, ಬಲಗಡೆಯದೇ ಮುಖ್ಯ. ಹೆಪ್ಪು ಅಲ್ಲೇ ಕಣ್ಣಿಗೆ ಬೀಳಬೇಕು, ಹರಿವು ಕಾಣದಿದ್ದರಷ್ಟೇ ಸಾಲದು. ರಕ್ತಸ್ರಾವದ ಆಕಾರವೂ ಸುಳಿವು ಕೊಡುತ್ತದೆ: ಮೇಲ್ಮೈಗೆ ಅಂಟಿದಂತೆ ಬಾಗಿದ ಸಣ್ಣ ಕಲೆಯನ್ನು ರೇಡಿಯಾಲಜಿಯವರು ಗೋಡಂಬಿ ಗುರುತು ಎನ್ನುತ್ತಾರೆ. ಡಿ–ಡೈಮರ್ (ಹೆಪ್ಪು ಕರಗುವಾಗ ಹುಟ್ಟುವ ಚೂರುಗಳನ್ನು ಅಳೆಯುವ) ರಕ್ತಪರೀಕ್ಷೆ ಸಾಮಾನ್ಯ ಬಂದರೂ, ಅನುಮಾನ ಬಲವಾಗಿದ್ದರೆ ವೀನೋಗ್ರಾಂ ಬಿಡಬಾರದು.

ರಕ್ತಸ್ರಾವಕ್ಕೂ ಹೆಪಾರಿನ್

ಮಿದುಳಿನಲ್ಲಿ ರಕ್ತಸ್ರಾವವಾಗಿದೆ, ಕೊಡುವ ಔಷಧ ರಕ್ತ ತೆಳುಗೊಳಿಸುವ ಹೆಪಾರಿನ್. ಮನೆಯವರಷ್ಟೇ ಅಲ್ಲ, ಸಣ್ಣ ಆಸ್ಪತ್ರೆಗಳ ವೈದ್ಯರೂ ಹಿಂಜರಿಯುವುದು ಇಲ್ಲೇ. ಆದರೆ ಇಲ್ಲಿ ರಕ್ತ ಒಸರುತ್ತಿರುವುದು ಮುಂದಿನ ದಾರಿ ಮುಚ್ಚಿ ಹಿಂದೆ ಒತ್ತಡ ಏರಿದ್ದಕ್ಕೆ. ಹೆಪ್ಪು ಹಬ್ಬುವುದನ್ನು ತಡೆದು ಬಳಸುದಾರಿಗಳನ್ನು ತೆರೆದಿಟ್ಟರೆ ಒತ್ತಡ ಇಳಿಯುತ್ತದೆ, ಒಸರುವುದು ನಿಲ್ಲುತ್ತದೆ. 1991ರಲ್ಲಿ ಜರ್ಮನಿಯ ವೈದ್ಯರು 20 ರೋಗಿಗಳನ್ನು ಎರಡು ಪಾಲು ಮಾಡಿ ಪರೀಕ್ಷಿಸಿದರು. ಹೆಪಾರಿನ್ ಪಡೆದ ಹತ್ತು ಜನರಲ್ಲಿ ಯಾರೂ ಸಾಯಲಿಲ್ಲ, ಪಡೆಯದ ಹತ್ತರಲ್ಲಿ ಮೂವರು ತೀರಿಕೊಂಡರು. ಸಣ್ಣ ಪರೀಕ್ಷೆ, ಆದರೂ ದಿಕ್ಕು ಬದಲಿಸಿತು. ಸಿವಿಟಿಯಿಂದಾದ ರಕ್ತಸ್ರಾವ ಹೆಪಾರಿನ್‌ಗೆ ಅಡ್ಡಿಯಲ್ಲ ಎಂಬುದು ಈಗ ಎಲ್ಲ ಮಾರ್ಗಸೂಚಿಗಳ ಮಾತು.

ಎನಾಕ್ಸಪಾರಿನ್ ಆದರೆ ಕೆ.ಜಿ. ತೂಕಕ್ಕೆ 1 ಮಿ.ಗ್ರಾಂನಂತೆ 12 ಗಂಟೆಗೊಮ್ಮೆ ಚರ್ಮದಡಿಗೆ, 60 ಕೆ.ಜಿ. ಇರುವವರಿಗೆ 60 ಮಿ.ಗ್ರಾಂ, ದಿನಕ್ಕೆ ಎರಡು ಸಲ. ‘ಎಲ್ಲರಿಗೂ 40 ಒಂದು ಸಲ’ ಎಂಬುದು ಹೆಪ್ಪು ಬಾರದಂತೆ ತಡೆಯುವ ಪ್ರಮಾಣ, ಬಂದ ಹೆಪ್ಪಿಗೆ ಸಾಲದು. ಮೂತ್ರಪಿಂಡ ಸರಿ ಇಲ್ಲದವರಿಗೆ ಲೆಕ್ಕ ಬದಲಾಗುತ್ತದೆ, ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡಲೇಬೇಕು. ಪ್ಲೇಟ್‌ಲೆಟ್ ಎಣಿಕೆಯನ್ನು 5ರಿಂದ 10ನೇ ದಿನದ ನಡುವೆ ಮತ್ತೆ ನೋಡಬೇಕು. ರೋಗಿ ಸ್ಥಿರವಾದ ಮೇಲೆ ಮಾತ್ರೆ: ವಾರ್ಫರಿನ್ ಆದರೆ ಐಎನ್‌ಆರ್ (ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ಪರೀಕ್ಷೆ) 2ರಿಂದ 3ರೊಳಗೆ. 2019ರಲ್ಲಿ 120 ರೋಗಿಗಳ ಮೇಲೆ ನಡೆದ ಪರೀಕ್ಷೆಯ ನಂತರ ದಾಬಿಗಟ್ರಾನ್‌ನಂಥ ಹೊಸ ಮಾತ್ರೆಗಳೂ ಬಳಕೆಗೆ ಬಂದಿವೆ, ಆದರೆ ಹಾಲೂಡಿಸುವವರಿಗೆ ಅವನ್ನು ಕೊಡುವುದಿಲ್ಲ. ವಾರ್ಫರಿನ್ ತೆಗೆದುಕೊಂಡು ಹಾಲೂಡಿಸಬಹುದು. ಅವಧಿ: ಬಾಣಂತನದಂಥ ಕಳೆದುಹೋಗುವ ಕಾರಣವಿದ್ದರೆ 3ರಿಂದ 6 ತಿಂಗಳು, ಕಾರಣ ಸಿಗದಿದ್ದರೆ 6ರಿಂದ 12, ರಕ್ತದ ಗಂಭೀರ ದೋಷವಿದ್ದರೆ ಕಾಯಂ.

ಸ್ಟೀರಾಯ್ಡ್‌ನಿಂದ ಸಾಮಾನ್ಯವಾಗಿ ಪ್ರಯೋಜನವಿಲ್ಲ. ಮಿದುಳಿನ ಊತ ಇಳಿಸುವ ಮ್ಯಾನಿಟಾಲ್ ಬೇಕಾದಾಗ ಬೇಕು, ಆದರೆ ಅದು ಮೂತ್ರದಲ್ಲಿ ಎಳೆದ ನೀರನ್ನು ತುಂಬಿಕೊಡದಿದ್ದರೆ ರಕ್ತ ಇನ್ನಷ್ಟು ಗಟ್ಟಿಯಾಗುತ್ತದೆ. ತಂತಿ ತೂರಿಸಿ ಹೆಪ್ಪು ತೆಗೆಯುವ ವಿಧಾನ ಎಲ್ಲರಿಗೂ ಉತ್ತಮವೆಂದು 67 ರೋಗಿಗಳ ಪರೀಕ್ಷೆಯಲ್ಲಿ (2020) ಸಾಬೀತಾಗಲಿಲ್ಲ. ಊತ ಒಂದು ಬದಿಯಿಂದ ಮಿದುಳನ್ನು ತಳ್ಳುತ್ತಿದ್ದರೆ, ಪಾಪೆ ಹಿಗ್ಗುತ್ತಿದ್ದರೆ, ಬುರುಡೆಯ ಒಂದು ಭಾಗ ತೆಗೆಯುವ ಶಸ್ತ್ರಚಿಕಿತ್ಸೆ ಜೀವ ಉಳಿಸುತ್ತದೆ. ಅದನ್ನು ಕೇಳಿ ಮನೆಯವರು ಹೆದರುವುದು ಸಹಜ, ಆದರೆ ತಡ ಮಾಡಿದರೆ ಅರ್ಥವಿಲ್ಲ.

ಘಟ್ಟ ಇಳಿಯುವಾಗ

ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ.; ಸಂಪಾಜೆ ಘಾಟಿ ಇಳಿದು ಮಂಗಳೂರು ಅದಕ್ಕಿಂತ ಸ್ವಲ್ಪ ದೂರ. ರೋಗಿಯನ್ನು ಕಳಿಸಲೇಬೇಕಾದಾಗ ಆಂಬುಲೆನ್ಸ್‌ನಲ್ಲಿ ತಲೆಯ ಭಾಗ 30 ಡಿಗ್ರಿ ಎತ್ತರಕ್ಕಿರಲಿ, ಕತ್ತು ನೇರವಾಗಿರಲಿ. ತಿರುವುಗಳಲ್ಲಿ ಕತ್ತು ಒಂದು ಬದಿಗೆ ವಾಲಿದರೆ ಆ ಬದಿಯ ಜುಗ್ಯುಲರ್ ಅದುಮುತ್ತದೆ. ಒಂದು ಬದಿ ಆಗಲೇ ಮುಚ್ಚಿದ್ದವರಿಗೆ ಉಳಿದದ್ದೂ ಹೋಯಿತು. ಎರಡೂ ಪಕ್ಕಕ್ಕೆ ಸುತ್ತಿದ ಟವೆಲ್ ಇಡಿ. ಉಸಿರಿನ ಕೊಳವೆ ಹಾಕಿದ್ದರೆ ಅದನ್ನು ಕಟ್ಟಿದ ದಾರ ಕತ್ತನ್ನು ಬಿಗಿಯಬಾರದು. ವಾಂತಿಗೆ ಔಷಧ ಕೊಟ್ಟೇ ಹೊರಡಿ, ಪ್ರತಿ ವಾಂತಿಗೂ ತಲೆಯೊಳಗಿನ ಒತ್ತಡ ಜಿಗಿಯುತ್ತದೆ. ಫಿಟ್ಸ್ ಬಂದರೆ ಲೋರಾಜೆಪಾಮ್ 4 ಮಿ.ಗ್ರಾಂ ಅಭಿಧಮನಿಗೆ, ಇಲ್ಲವೇ ಮಿಡಜೋಲಾಮ್ 10 ಮಿ.ಗ್ರಾಂ ಸ್ನಾಯುವಿಗೆ, ಇದು ವಯಸ್ಕರ ಪ್ರಮಾಣ. ಹೆಪ್ಪು ಸ್ಕ್ಯಾನ್‌ನಲ್ಲಿ ಖಚಿತವಾಗಿದ್ದರೆ, ಮುಂದಿನ ಆಸ್ಪತ್ರೆಯ ನರರೋಗ ತಜ್ಞರೊಡನೆ ಫೋನಿನಲ್ಲಿ ಮಾತಾಡಿ, ಹೆಪಾರಿನ್‌ನ ಮೊದಲ ಡೋಸ್ ಇಲ್ಲೇ ಕೊಟ್ಟು, ಕೊಟ್ಟ ಸಮಯವನ್ನು ಚೀಟಿಯಲ್ಲಿ ಬರೆಯಿರಿ.

ಸಭಿಕರ ಪ್ರಶ್ನೆಗಳಿಂದ

*ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪು ಬಿಡಬೇಕೇ?*

ಬಿಡಬೇಕಿಲ್ಲ, ಪ್ರಮಾಣ ಏರುಪೇರಾಗಬಾರದು. ಕಕ್ಕಡದ (ಕೊಡಗಿನ ಮಳೆಗಾಲದ ತಿಂಗಳು) ದಿನಗಳಲ್ಲಿ ಕೆಸುವಿನ ಎಲೆ, ಇತರ ಸೊಪ್ಪು ಒಮ್ಮೆಲೇ ಹೆಚ್ಚಾದರೆ ಅದರ ವಿಟಮಿನ್ ಕೆ ಐಎನ್‌ಆರ್ ಇಳಿಸಬಹುದು. ಒಂದೇ ಕೂಟದಲ್ಲಿ ಮಿತಿಮೀರಿ ಕುಡಿದರೆ ಏರಬಹುದು. ಮೈಕೈ ನೋವಿಗೆ ಡೈಕ್ಲೋಫೆನಾಕ್ ನುಂಗುವುದು ಇನ್ನೂ ಅಪಾಯ, ಪ್ಯಾರಾಸಿಟಮಾಲ್ ಇರಲಿ. ಮೆಟ್ರೋನಿಡಜೋಲ್‌ನಂಥ ಆಂಟಿಬಯೋಟಿಕ್ ಕೊಟ್ಟವರಿಗೆ ವಾರ್ಫರಿನ್ ವಿಷಯ ಮೊದಲೇ ತಿಳಿಸಿ.

*ತಲೆನೋವು ಹೋದ ಮೇಲೂ ಕಣ್ಣು ತೋರಿಸಬೇಕೇ?*

ಹೌದು. ಒತ್ತಡದಿಂದ ದೃಷ್ಟಿನರ ಸದ್ದಿಲ್ಲದೆ ಒಣಗಬಹುದು. ಪಕ್ಕದ ನೋಟ ಮೊದಲು ಹೋಗುವುದರಿಂದ ರೋಗಿಗೆ ಗೊತ್ತಾಗುವುದಿಲ್ಲ. ಅಕ್ಷರ ಓದಿಸಿದರಷ್ಟೇ ಸಾಲದು, ದೃಷ್ಟಿಕ್ಷೇತ್ರದ ಪರೀಕ್ಷೆ ಮಾಡಿಸಿ.

*ಇನ್ನೊಂದು ಮಗು ಆಗಬಹುದೇ?*

ಆಗಬಹುದು. ಆದರೆ ವಾರ್ಫರಿನ್ ಇರುವಾಗ ಗರ್ಭ ನಿಲ್ಲಬಾರದು, ಅದು ಮಗುವಿನ ಬೆಳವಣಿಗೆಗೆ ಹಾನಿ. ಅಲ್ಲಿಯವರೆಗೆ ಕಾಪರ್–ಟಿ ಅಥವಾ ಕಾಂಡೋಮ್. ಈಸ್ಟ್ರೊಜೆನ್ ಇರುವ ಮಾತ್ರೆ ಮುಂದೆಂದೂ ಬೇಡ. ಮುಂದಿನ ಗರ್ಭದಲ್ಲಿ ತಡೆಗಟ್ಟುವ ಪ್ರಮಾಣದ ಹೆಪಾರಿನ್ ಚುಚ್ಚುಮದ್ದನ್ನು ಹೆರಿಗೆಯ ನಂತರದ ಆರು ವಾರದವರೆಗೂ ಕೊಡುತ್ತಾರೆ. ಆದ್ದರಿಂದ ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಸಿವಿಟಿ ಆಗಿತ್ತು ಎಂದು, ಯಾವ ವರ್ಷ ಎಂಬುದರೊಡನೆ, ದೊಡ್ಡ ಅಕ್ಷರದಲ್ಲಿ ಬರೆಸಿ.